ಅರಬ್ಬೀ ಸಮುದ್ರ ಮತ್ತು ಬೀರಪ್ಪನ ಹಿಂಡು

ಇದನ್ನು ಬರೆಯಬೇಡ ಎಂದು ನನಗೆ ಮೂವರು ಹೇಳಿದರು. ಜೊತೆಗೆ ದುಡಿದು ನಿವೃತ್ತನಾದ ಗೆಳೆಯನೊಬ್ಬ, ನನ್ನ ಅಳಿಯ, ಮತ್ತು ಚಿಕ್ಕೋಡಿಯಲ್ಲಿ ದಿನಾ ಸಂಜೆ ನಮ್ಮ ಜೊತೆ ಕಟ್ಟೆಗೆ ಕೂಡುವ ಒಬ್ಬ ಹಿರಿಯರು. "ಮುಗದ ಹೋದದ್ದನ್ನ ಈಗ್ಯಾಕ ಕೆದರ್ತೀಯೋ ಗುರುಪಾದ? ನಿನ್ನ ಹೆಸರ ನೀನಽ ಕೆಡಿಸ್ಕೊಂತಿ," ಎಂದರು ಹಿರಿಯರು. ಕೆಡಲಿ. ಇಪ್ಪತ್ತೆಂಟು ವರ್ಷ ಹವಾಮಾನ ವೀಕ್ಷಕನಾಗಿ ದುಡಿದವನು ನಾನು. ಓದಿದ್ದು ಹೈಸ್ಕೂಲಿನವರೆಗೆ. ನನಗೆ ಸಿಕ್ಕ ಬಡ್ತಿ, ಬೀಳ್ಕೊಡುಗೆಯ ಶಾಲು, ಭಾಷಣ ಇವುಗಳ ವಿಷಯ ಇಲ್ಲಿ ಬರುವುದಿಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಯಾರಾದರೂ ಇದ್ದರೆ ಅವರಿಗಾಗಿ ಬರೆಯುತ್ತಿದ್ದೇನೆ. ಉಳಿದವರು ಓದಿ ಬೈದರೂ ನನ್ನ ಅಭ್ಯಂತರವಿಲ್ಲ.

ಕಾಗವಾಡದ ದ್ರಾಕ್ಷಿ ತೋಟದ ಮನೆಯಲ್ಲಿ ಹುಟ್ಟಿದವನಿಗೆ ಸಮುದ್ರದ ಗೊಡವೆ ಏನು ಎಂದು ಕೇಳಬಹುದು. ನಾನು ಕೆಲಸಕ್ಕೆ ಸೇರುವತನಕ ಕಂಡ ದೊಡ್ಡ ನೀರೆಂದರೆ ಮಳೆಗಾಲದ ಕೃಷ್ಣಾ ಹೊಳೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನನ್ನು ಪಶ್ಚಿಮ ಕರಾವಳಿಯ ಒಂದು ಸಣ್ಣ ಬಂದರಿನ ವೀಕ್ಷಣಾಲಯಕ್ಕೆ ಹಾಕಿದರು. ಕಚೇರಿ ಒಂದು ಬಂಡೆಯ ನೆತ್ತಿಯ ಮೇಲಿತ್ತು. ಎದುರಿಗೆ ದ್ವೀಪವಿಲ್ಲ, ಗುಡ್ಡದ ಮರೆಯಿಲ್ಲ. ಗಾಳಿ ಎಲ್ಲಿಂದ ಹೊರಟಿತೋ ಅಲ್ಲಿಂದ ನೇರವಾಗಿ ನಮ್ಮ ಕಿಟಕಿಗೆ ಬರುತ್ತಿತ್ತು. ಮಳೆಗಾಲದಲ್ಲಿ ಬಾಗಿಲ ಕೀಲುಗಳು ಉಪ್ಪು ತಿಂದು ಉದುರುತ್ತಿದ್ದವು. ರಿಜಿಸ್ಟರಿನ ಹಾಳೆ ಒದ್ದೆ ರೊಟ್ಟಿಯ ಹಾಗೆ ಮೆತ್ತಗಾಗಿ ಪೆನ್ನಿನ ಮೊನೆಗೆ ಹರಿಯುತ್ತಿತ್ತು.

ಮೊದಲ ವಾರದಲ್ಲೇ ಒಂದು ಎಡವಟ್ಟು ಮಾಡಿದೆ. ಪ್ರತಿ ವೀಕ್ಷಣೆಯಲ್ಲಿ ಸಮುದ್ರದ ಸ್ಥಿತಿ ಹೇಗಿದೆ ಎಂದು ಬರೆಯಬೇಕು. ನಾನು ಕಚೇರಿಯ ಹಿಂಬದಿಯ ಕಿಟಕಿಯಿಂದ ನೋಡಿ "ಪ್ರಶಾಂತ" ಎಂದು ಬರೆದೆ. ಹಿಂಬದಿಯಲ್ಲಿದ್ದದ್ದು ನದಿಯ ಅಳಿವೆ. ಎದುರಿನ ಸಮುದ್ರದಲ್ಲಿ ಆ ಹೊತ್ತಿಗೆ ಆಳೆತ್ತರದ ತೆರೆ ಏಳುತ್ತಿದ್ದವು. ದೊಡ್ಡ ಸಾಹೇಬರು ರಿಜಿಸ್ಟರ್ ನೋಡಿ ಕನ್ನಡಕ ತೆಗೆದಿಟ್ಟು, "ಗುರುಪಾದಪ್ಪನವರೇ, ನಿಮ್ಮ ಊರಿನ ಹಳ್ಳ ಬಿಟ್ಟು ಬಂದು ಎಷ್ಟು ದಿನ ಆಯಿತು?" ಎಂದರು. ಅಂದಿನಿಂದ ಅವರು ನನ್ನನ್ನು "ಹಳ್ಳದವರು" ಎಂದೇ ಕರೆದರು. ನನಗೆ ಸಿಟ್ಟು ಬಂತು. ಈ ಸಮುದ್ರವನ್ನು ಇವರಿಗಿಂತ ಚೆನ್ನಾಗಿ ಓದುತ್ತೇನೆ ಎಂದು ಹಟ ಹಿಡಿದೆ. ಆ ಹಟವೇ ನನಗೆ ಕೆಲಸ ಕಲಿಸಿತು.

ಕಲಿಸಿದ ಮನುಷ್ಯ ವೆಂಕು ತಾಂಡೇಲ. ಹಿಂದೆ ದೋಣಿ ನಡೆಸುತ್ತಿದ್ದವನು, ಈಗ ಬಂದರಿನ ಕಂಬಕ್ಕೆ ಬಿರುಗಾಳಿಯ ಎಚ್ಚರಿಕೆ ಏರಿಸುವ ಕೆಲಸದಲ್ಲಿದ್ದ. ಹಗಲು ಹೊತ್ತು ಕಪ್ಪು ಕ್ಯಾನ್ವಾಸ್ ಹೊದಿಸಿದ ದೊಡ್ಡ ಬುಟ್ಟಿಗಳು, ಕತ್ತಲಾದ ಮೇಲೆ ಕೆಂಪು ಬಿಳಿ ದೀಪಗಳು. ಅವು ಏರಿದ ಬಗೆ ನೋಡಿ ದೂರದ ದೋಣಿಗಳು ಅಪಾಯ ಎಷ್ಟು ಹತ್ತಿರ ಎಂದು ತಿಳಿದುಕೊಳ್ಳಬೇಕು. ಒಂದು ದಿನ ಗಾಳಿಯೇ ಇರಲಿಲ್ಲ, ಆಕಾಶ ತೊಳೆದಂತಿತ್ತು. ಆದರೆ ತೆರೆಗಳು ನಿಧಾನವಾಗಿ, ಉದ್ದುದ್ದವಾಗಿ ಬರುತ್ತಿದ್ದವು. ತಾಂಡೇಲ ನನ್ನನ್ನು ಬಂಡೆಯ ತುದಿಗೆ ಕರೆದೊಯ್ದ.

"ಎಣಿಸಿ ಮಾರಾಯ್ರೇ. ಒಂದು ತೆರೆಗೂ ಇನ್ನೊಂದಕ್ಕೂ ನಡುವೆ ಎಷ್ಟು ಎಣಿಸ್ತೀರಿ?"

"ಹದಿನಾಲ್ಕು."

"ನಿನ್ನೆ ಎಂಟಿತ್ತು. ಇದು ನಮ್ಮ ಗಾಳಿ ಎಬ್ಬಿಸಿದ ತೆರೆ ಅಲ್ಲ. ಎಲ್ಲೋ ದೂರದಲ್ಲಿ ಒಬ್ಬ ದೊಡ್ಡವ ಎದ್ದಿದ್ದಾನೆ. ಅವ ಬರುವ ಮೊದಲು ಅವನ ತೆರೆ ಬರ್ತದೆ."

ದೊಡ್ಡ ಸಾಹೇಬರು ನಕ್ಕರು. ಸಂಜೆಗೆ ಮುಖ್ಯ ಕಚೇರಿಯಿಂದ ತಂತಿ ಬಂತು, ಸಮುದ್ರದ ನಡುವೆ ವಾಯುಭಾರ ಕುಸಿತವಾಗಿದೆ, ಎಚ್ಚರಿಕೆ ಏರಿಸಿ ಎಂದು. ತಾಂಡೇಲ ಹಗ್ಗವನ್ನು ಆಗಲೇ ಬಿಚ್ಚಿಟ್ಟುಕೊಂಡಿದ್ದ. ಅವನು ಹಗ್ಗ ಎಳೆಯುತ್ತ ಹೇಳಿದ ಮಾತನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಮುಂದೆ ನಾನು ಅದಕ್ಕೆ ವಿರುದ್ಧವಾಗಿ ನಡೆದೆ. "ಬುಟ್ಟಿ ಏರಿಸಿ ಬಿರುಗಾಳಿ ಬಾರದಿದ್ದರೆ ಜನ ನನಗೆ ಬೈತಾರೆ. ಬೈಲಿ. ಏರಿಸದೆ ಬಂದರೆ ಬೈಯುವವರೇ ಇರೂದಿಲ್ಲ."

ಆರು ವರ್ಷ ಅಲ್ಲಿದ್ದೆ. ಆಮೇಲೆ ನಮ್ಮ ಕಡೆಗೇ ವರ್ಗವಾಯಿತು. ರಾಯಬಾಗ ತಾಲ್ಲೂಕಿನಲ್ಲಿ ಒಂದು ಊರ ಹೊರಗಿನ ಸಣ್ಣ ವೀಕ್ಷಣಾಲಯ. ಒಂದು ಕೋಣೆ, ಬೇಲಿಯೊಳಗೆ ಮಳೆ ಮಾಪಕ, ಗಾಳಿಯ ದಿಕ್ಕು ತೋರುವ ಗಾಳಿ ಕೋಳಿ, ಬಿಳಿ ಬಣ್ಣದ ಪೆಟ್ಟಿಗೆಯಲ್ಲಿ ಉಷ್ಣಮಾಪಕಗಳು, ಗೋಡೆಗೆ ಪಾದರಸದ ಬಾರೋಮೀಟರ್. ಬೆಳಿಗ್ಗೆ ಎಂಟೂವರೆಗೆ, ಸಂಜೆ ಐದೂವರೆಗೆ ಓದಬೇಕು. ಓದಿದ್ದನ್ನು ಅಂಕಿಗಳ ಸಂಕೇತದಲ್ಲಿ ಬರೆದು ತಂತಿ ಕಳಿಸಬೇಕು. ಬಾರೋಮೀಟರ್ ತೋರಿಸಿದ ಒತ್ತಡವನ್ನು ಹಾಗೇ ಕಳಿಸುವಂತಿಲ್ಲ. ನಮ್ಮ ಊರು ಎತ್ತರದಲ್ಲಿದೆ. ಈ ಪಾದರಸದ ಕಂಬ ಸಮುದ್ರದ ಮಟ್ಟದಲ್ಲಿ ಇದ್ದಿದ್ದರೆ ಎಷ್ಟು ತೋರಿಸುತ್ತಿತ್ತು ಎಂದು ಕೋಷ್ಟಕ ನೋಡಿ ಲೆಕ್ಕ ಹಾಕಿ ಕಳಿಸಬೇಕು. ಹೀಗೆ ಕಬ್ಬಿನ ಗದ್ದೆಗಳ ನಡುವೆ ಕೂತು ದಿನಕ್ಕೆರಡು ಸಲ ನಾನು ಸಮುದ್ರಕ್ಕೆ ಇಳಿಯುತ್ತಿದ್ದೆ.

ಜನರಿಗೆ ಇದು ನಗೆಯ ವಿಷಯವಾಗಿತ್ತು. ಪೋಸ್ಟ್ ಮಾಸ್ತರರು ನನ್ನ ತಂತಿ ಫಾರ್ಮು ಕೈಗೆ ತೆಗೆದುಕೊಂಡಾಗಲೆಲ್ಲ, "ಬರ್ರಿ ಸಮುದ್ರದ ಸಾಹೇಬ್ರ. ಇವತ್ತ ರಾಯಬಾಗದಾಗ ಹಡಗ ಎಷ್ಟ ಬಂದಾವ್ರಿ?" ಎನ್ನುತ್ತಿದ್ದರು. ನಾನು ಸುಮ್ಮನಿರುವವನಲ್ಲ. "ಮಾಸ್ತರ, ನಿಮ್ಮ ಮಳೀ ಎಲ್ಲಿಂದ ಬರತೈತಿ? ನಿಮ್ಮ ಹಿತ್ತಲದಿಂದೇನು?" ಎಂದು ಕೇಳುತ್ತಿದ್ದೆ. ಅವರಿಗೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಆಗ ಸಮುದ್ರದ ಮೇಲೆ ನೋಡುವ ಕಣ್ಣುಗಳು ಕಡಿಮೆ. ಉಪಗ್ರಹದ ಚಿತ್ರ ದೊಡ್ಡ ಕಚೇರಿಗಳಲ್ಲಿತ್ತು, ಆದರೆ ಬಿರುಗಾಳಿ ದಂಡೆಯ ಗುಂಟ ಉತ್ತರಕ್ಕೆ ಹೋಗುತ್ತದೋ, ತಿರುಗಿ ನೆಲಕ್ಕೆ ನುಗ್ಗುತ್ತದೋ ಎಂಬುದನ್ನು ಊಹಿಸಲು ಅವರು ಘಟ್ಟದ ಈಚೆಯ ನಮ್ಮಂಥ ಬಡ ನಿಲ್ದಾಣಗಳ ಒತ್ತಡವನ್ನೂ ನೋಡುತ್ತಿದ್ದರು. ನಿನ್ನೆಯ ಇದೇ ಹೊತ್ತಿಗಿಂತ ಇಂದು ಮೂರು ಮಿಲಿಬಾರಿಗಿಂತ ಹೆಚ್ಚು ಕುಸಿದಿದ್ದರೆ ಅದು ಸಾಮಾನ್ಯ ಮಾತಲ್ಲ. ಆಗ ವೀಕ್ಷಕ ನಿಲ್ದಾಣ ಬಿಟ್ಟು ಕದಲುವಂತಿಲ್ಲ. ಮೂರು ಗಂಟೆಗೊಮ್ಮೆ ಓದಿ ಮೂರು ಗಂಟೆಗೊಮ್ಮೆ ತಂತಿ ಕೊಡಬೇಕು. ಈ ನಿಯಮವನ್ನು ನೆನಪಿಡಿ.

ನನ್ನನ್ನು ನಂಬಿದ ಮೊದಲ ಮನುಷ್ಯ ದಿಗ್ಗೇವಾಡಿಯ ಬೀರಪ್ಪ. ಕುರಿಗಾರ, ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಅವನ ಹಿಂಡು ಸುಗ್ಗಿ ಮುಗಿದ ಹೊಲಗಳಲ್ಲಿ ಮೇಯುತ್ತ ನಮ್ಮ ಬೇಲಿಯ ಪಕ್ಕ ಹಾದು ಹೋಗುತ್ತಿತ್ತು. ಒಂದು ಸಲ, ಮುಂಗಾರಿಗೆ ಮುಂಚೆ, ಅವನು ಹಿಂಡನ್ನು ಹೊಳೆಯ ನಡುವಿನ ದಿಬ್ಬದ ಹುಲ್ಲಿಗೆ ದಾಟಿಸಿದ್ದ. ನೀರು ಮೊಣಕಾಲುದ್ದ ಇತ್ತು. ಎರಡು ದಿನದಿಂದ ಬಾರೋಮೀಟರ್ ಇಳಿಯುತ್ತಿತ್ತು, ರೇಡಿಯೋದಲ್ಲಿ ಮೀನುಗಾರರಿಗೆ ಎಚ್ಚರಿಕೆ ಹೇಳುತ್ತಿದ್ದರು. ನಾನು ದಂಡೆಗೆ ಹೋಗಿ ಕೂಗಿದೆ.

"ಬೀರಪ್ಪಾ, ಕುರಿ ಈಚೆ ಕಡೆ ಹೊಡಕೊಂಡ ಬಾ. ಸಮುದ್ರದಾಗ ಗಾಳಿ ಎದ್ದೈತಿ."

"ಸಮುದ್ರದಾಗ ಎದ್ರ ಸಮುದ್ರದಾಗಿನ ಕುರಿ ಹೊಡಕೊಂಡ ಬರ್ರಿ ಸಾಹೇಬ್ರ," ಎಂದು ಅವನು ಅಲ್ಲಿಂದಲೇ ನಕ್ಕ.

ಆದರೂ ಸಂಜೆಗೆ ದಾಟಿಸಿದ. ನನ್ನ ಕಾಟ ತಡೆಯಲಾರದೆ ದಾಟಿಸಿದೆ ಎಂದು ಆಮೇಲೆ ಹೇಳಿದ. ಮೂರನೆಯ ದಿನ ಘಟ್ಟದ ಮೇಲೆ ಬಿದ್ದ ಮಳೆಗೆ ಹೊಳೆ ಏರಿ ಆ ದಿಬ್ಬ ಮುಳುಗಿತು. ಬೀರಪ್ಪ ಹೊಸ ಕಂಬಳಿಯೊಂದನ್ನು ತಂದು ನನ್ನ ಮೇಜಿನ ಮೇಲೆ ಇಟ್ಟ. ಅಂದಿನಿಂದ ಕುರಿ ಉಣ್ಣೆ ಕತ್ತರಿಸುವ ಮುಂಚೆ, ಹಿಂಡು ಹೊಳೆ ದಾಟಿಸುವ ಮುಂಚೆ, ಅವನು ನನ್ನ ಬೇಲಿಗೆ ಬಂದು ಕೇಳುವುದು ರೂಢಿಯಾಯಿತು. "ನಿಮ್ಮ ಸಮುದ್ರ ಏನಂತೈತ್ರಿ?" ಪೋಸ್ಟ್ ಮಾಸ್ತರರು ಚೇಷ್ಟೆಗೆ ಕೇಳುತ್ತಿದ್ದ ಮಾತನ್ನೇ ಅವನು ನಿಜವಾಗಿ ಕೇಳುತ್ತಿದ್ದ. ನನ್ನ ಎದೆ ಉಬ್ಬುತ್ತಿತ್ತು.

ಅವನ ಹಿಂಡಿನ ವಿಷಯ ಒಂದನ್ನು ಇಲ್ಲಿ ಹೇಳಬೇಕು. ಆ ಕುರಿಗಳೆಲ್ಲ ಅವನವಲ್ಲ. ಅವನ ತಂಗಿ ಲಗಮವ್ವನನ್ನು ಅಕ್ಕೋಳಕ್ಕೆ ಕೊಟ್ಟಿತ್ತು. ಮದುವೆಯಲ್ಲಿ ಅವಳಿಗೆ ಐದು ಹೆಣ್ಣು ಕುರಿ ಬಳುವಳಿ ಕೊಟ್ಟಿದ್ದರು. ಅವು ಅಣ್ಣನ ಹಿಂಡಿನಲ್ಲೇ ಬೆಳೆದು ಮರಿ ಹಾಕಿ ಇಪ್ಪತ್ತೇಳಾಗಿದ್ದವು. ಗುರುತಿಗೆ ಬಲಗಿವಿಯಲ್ಲಿ ಎರಡು ಕಚ್ಚು. ಅವಳ ಕುರಿ ಸತ್ತರೆ ಆ ಕಿವಿಯನ್ನು ಕೊಯ್ದು ತಂಗಿಗೆ ತೋರಿಸಬೇಕು, ಸತ್ತದ್ದು ಅವಳದೇ ಎಂದು. ಇದು ಅವರ ಕುಲದ ನೇಮ. ಕಿವಿ ತೋರಿಸದಿದ್ದರೆ ಕುರಿ ಮಾರಿಕೊಂಡ ಎಂದೇ ಅರ್ಥ.

ತೊಂಬತ್ತರ ದಶಕ ಆರಂಭವಾಗಿತ್ತು. ಕಾರ್ತಿಕ ಮಾಸದ ಒಂದು ಶನಿವಾರ. ನನ್ನ ಊರು ಕಾಗವಾಡದಲ್ಲಿ ದೊಡ್ಡ ಜಂಗೀ ಕುಸ್ತಿ ಇತ್ತು. ಸಾಂಗಲಿ ಕಡೆಯ ಹೆಸರಾದ ಪೈಲವಾನನೊಬ್ಬ ನಮ್ಮ ಅಥಣಿ ಕಡೆಯ ಪೈಲವಾನನ ಮೇಲೆ ಇಳಿಯುವವನಿದ್ದ. ತಿಂಗಳಿಂದ ಆ ಮಾತೇ. ಬೆಳಿಗ್ಗೆ ಎಂಟೂವರೆಯ ವೀಕ್ಷಣೆ ಮುಗಿಸಿ ಒಂಬತ್ತೂಕಾಲಿನ ಬಸ್ಸು ಹಿಡಿಯುವುದು ನನ್ನ ಲೆಕ್ಕ. ಅಂದು ಸಂಜೆಯ, ಮರುದಿನ ಬೆಳಗಿನ ಮತ್ತು ಸಂಜೆಯ ಓದುಗಳನ್ನು ಮುಂಗಡವಾಗಿ ಬರೆದು ಫಾರ್ಮುಗಳನ್ನು ಪೋಸ್ಟ್ ಮಾಸ್ತರರಿಗೆ ಕೊಟ್ಟು ಹೋಗುವುದು. ನಮ್ಮ ಕೆಲಸದಲ್ಲಿ ಇದಕ್ಕೆ "ಮಂಚದ ರೀಡಿಂಗ್" ಎನ್ನುತ್ತಿದ್ದೆವು. ಮಂಚದ ಮೇಲೆ ಮಲಗಿಯೇ ನಿನ್ನೆಯ ಅಂಕಿಗೆ ಅರ್ಧ ಕೂಡಿಸಿ ಅರ್ಧ ಕಳೆದು ಬರೆಯುವುದು. ಎಲ್ಲರೂ ಮಾಡುತ್ತಿದ್ದರು ಎಂದು ಹೇಳಿ ನಾನು ಪಾರಾಗುವುದಿಲ್ಲ. ಮಾಡದವರನ್ನೂ ನಾನು ಬಲ್ಲೆ.

ಎಂಟೂವರೆಗೆ ಬಾರೋಮೀಟರ್ ಓದಿದೆ. ಕಣ್ಣು ಉಜ್ಜಿಕೊಂಡು ಮತ್ತೆ ಓದಿದೆ. ನಿನ್ನೆಗಿಂತ ಮೂರೂವರೆ ಮಿಲಿಬಾರ್ ಕಡಿಮೆ. ಹೊರಗೆ ಬಂದು ನೋಡಿದೆ. ಪಡುವಣದಿಂದ ತೆಳು ಮೋಡದ ಎಳೆಗಳು ಬೀಸಣಿಗೆಯ ಹಾಗೆ ಹರಡಿದ್ದವು. ರೇಡಿಯೋ ಎರಡು ದಿನದಿಂದ ಅರಬ್ಬೀ ಸಮುದ್ರದ ಬಿರುಗಾಳಿಯ ಮಾತು ಹೇಳುತ್ತಿತ್ತು, ಅದು ಉತ್ತರಕ್ಕೆ ಸಾಗಿ ಹೋಗುವ ಸಂಭವವಿದೆ ಎನ್ನುತ್ತಿತ್ತು. ಹೋಗುತ್ತಿಲ್ಲ, ಇತ್ತ ಹೊರಳುತ್ತಿದೆ ಎಂದು ನನ್ನ ಗೋಡೆಯ ಪಾದರಸ ಹೇಳಿತು. ನನಗೆ ಅದು ಅರ್ಥವಾಯಿತು. ಗೊತ್ತಾಗಲಿಲ್ಲ ಎಂದು ನಾನು ಹೇಳಲಾರೆ, ಆರು ವರ್ಷ ತಾಂಡೇಲನ ಜೊತೆ ನಿಂತವನು.

ಆದರೆ ಮೂರೂವರೆ ಎಂದು ಬರೆದರೆ ಮೂರು ಗಂಟೆಗೊಮ್ಮೆ ಓದಬೇಕು. ಬಸ್ಸು ತಪ್ಪುತ್ತದೆ. ಕುಸ್ತಿ ತಪ್ಪುತ್ತದೆ. ನಾನು ಒಂದೂವರೆ ಎಂದು ಬರೆದೆ. ಉಳಿದ ಮೂರು ಫಾರ್ಮುಗಳನ್ನೂ ಆ ಸುಳ್ಳಿಗೆ ಹೊಂದುವಂತೆ ತುಂಬಿದೆ.

ಬಸ್ ನಿಲ್ದಾಣದಲ್ಲಿ ಬೀರಪ್ಪ ಸಿಕ್ಕ. ನನ್ನನ್ನು ಹುಡುಕಿಕೊಂಡೇ ಬಂದಿದ್ದ.

"ಸಾಹೇಬ್ರ, ನಾಳೆ ಉಣ್ಣಿ ಕತ್ತರಸ್ಬೇಕಂತ ಮಾಡೀನ್ರಿ. ಕತ್ತರಿಯವ್ರನ್ನ ಕರಸೀನಿ. ಆದ್ರ ಮುಂಜಾನಿಂದ ಕುರಿ ಎಲ್ಲಾ ಪಡುವಣಕ್ಕ ಬೆನ್ನ ಮಾಡಿ ಒತ್ತಿ ನಿಂತಾವು, ಮೇಯವಲ್ಲವು. ನಿಮ್ಮ ಸಮುದ್ರ ಏನಂತೈತ್ರಿ?"

ಬಸ್ಸು ಹಾರ್ನ್ ಹೊಡೆಯುತ್ತಿತ್ತು. ನಿಜ ಹೇಳಿದರೆ, ಹಾಗಾದರೆ ನೀವೆಲ್ಲಿಗೆ ಹೊರಟಿರಿ ಎಂದು ಅವನು ಕೇಳುತ್ತಾನೆ. ನಾನು ಮೆಟ್ಟಿಲ ಮೇಲಿಂದ ಹೇಳಿದೆ: "ನಿನ್ನ ಕುರೀಗೇನ ತಿಳೀತೈತೋ? ಏನೂ ಇಲ್ಲ, ಕತ್ತರಸು."

"ಹಂಗಂದ್ರ ಆತ್ರಿ," ಎಂದು ಅವನು ನಕ್ಕು ಕೈಯೆತ್ತಿದ.

ಕುಸ್ತಿ ನೋಡಿದೆ. ಭಾನುವಾರ ಅಣ್ಣನ ಮನೆಯಲ್ಲಿ ಉಳಿದೆ. ಇಳಿಹೊತ್ತಿಗೆ ಗಾಳಿ ಶುರುವಾಯಿತು, ಆಮೇಲೆ ಮಳೆ. ಬಿರುಗಾಳಿ ಕರಾವಳಿಗೆ ಅಪ್ಪಳಿಸಿ, ಘಟ್ಟದಲ್ಲಿ ಅರ್ಧ ಸೊಕ್ಕು ಕಳೆದುಕೊಂಡು, ಉಳಿದ ಸೊಕ್ಕಿನಲ್ಲಿ ನಮ್ಮ ಬಯಲಿಗೆ ಇಳಿದಿತ್ತು. ಕಾಗವಾಡದಲ್ಲಿ ದ್ರಾಕ್ಷಿಯ ಚಪ್ಪರಗಳು ತಂತಿ ಸಮೇತ ನೆಲಕ್ಕೆ ಮಲಗಿದವು. ಅಣ್ಣ ಚಪ್ಪರ ಎತ್ತಲು ಕರೆದ, ಹೋಗಿ ಕಂಬ ಹಿಡಿದೆ. ನನ್ನ ಕಣ್ಣ ಮುಂದೆ ಬೋಳಿಸಿದ ಕುರಿಗಳು ಇದ್ದವು.

ಸೋಮವಾರ ಬೆಳಿಗ್ಗೆ ಕುಡಚಿಯ ಹತ್ತಿರ ರಸ್ತೆಗೆ ಮರ ಬಿದ್ದು ಬಸ್ಸು ನಿಂತಿತು. ಇಳಿದು ನಡೆದೇ ಬಂದೆ. ದಿಗ್ಗೇವಾಡಿಯ ಹಳ್ಳದ ದಂಡೆಯಲ್ಲಿ ಜನ ನಿಂತಿದ್ದರು. ಕುರಿಯ ಮೈಮೇಲೆ ಉಣ್ಣೆ ಇದ್ದರೆ ಅದು ಎಂಥ ಮಳೆಯನ್ನೂ ತಡೆಯುತ್ತದೆ. ಆಗಷ್ಟೇ ಕತ್ತರಿಸಿದ ಕುರಿಗೆ ತಣ್ಣನೆಯ ಗಾಳಿಮಳೆ ಅಂದರೆ ಸಾವೇ. ನಿಂತಲ್ಲೇ ನಡುಗಿ ಮಂಡಿಯೂರಿ ಬೀಳುತ್ತವೆ. ಇನ್ನು ಕೆಲವು ಗಾಳಿಗೆ ಬೆನ್ನು ಕೊಟ್ಟು ಅದು ತಳ್ಳಿದ ಕಡೆಗೆ ನಡೆಯುತ್ತಲೇ ಹೋಗುತ್ತವೆ. ಬೀರಪ್ಪನ ಹಿಂಡು ಹಾಗೆ ನಡೆದು ತುಂಬಿದ ಹಳ್ಳಕ್ಕೆ ಬಿದ್ದಿತ್ತು. ಹಳ್ಳ ಅವನ್ನು ಹೊಳೆಗೆ ಒಯ್ದಿತ್ತು. ಇನ್ನೂರರ ಮೇಲಿದ್ದ ಹಿಂಡಿನಲ್ಲಿ ನಲವತ್ತು ಉಳಿದಿರಬಹುದು. ಅವನ್ನು ಗುಡಿಸಲಿನೊಳಗೆ ಒಟ್ಟಿ, ಗೋಣಿಚೀಲ, ಸೀರೆ, ಕೌದಿ, ಸಿಕ್ಕಿದ್ದನ್ನೆಲ್ಲ ಹೊದಿಸಿದ್ದರು. ಬೀರಪ್ಪ ಒಂದು ಕುರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಅಂಗೈಯಿಂದ ಅದರ ಎದೆ ತಿಕ್ಕುತ್ತಿದ್ದ. ನನ್ನನ್ನು ನೋಡಿದ. ಬೈಯಲಿಲ್ಲ. "ಸಾಹೇಬ್ರ, ಅಕ್ಕೋಳದಾಕೀಗೆ ಏನಂತ ಹೇಳ್ಲಿ? ಆಕಿ ಇಪ್ಪತ್ತೇಳೂ ಹೋದವು, ಒಂದ ಕಿವಿ ಸೈತ ಸಿಗಲಿಲ್ಲ," ಎಂದ.

ನಾನು ಒಂದು ಗೋಣಿಚೀಲ ತೆಗೆದುಕೊಂಡು ಒಂದು ಕುರಿಗೆ ಹೊದಿಸಿದೆ.

ಆ ವಾರವೇ ಮೇಲಿನ ಕಚೇರಿಯಿಂದ ಇನ್‌ಸ್ಪೆಕ್ಟರ್ ಬಂದರು. ಸುತ್ತಲಿನ ನಿಲ್ದಾಣಗಳೆಲ್ಲ ಆ ಶನಿವಾರ ದೊಡ್ಡ ಕುಸಿತ ತೋರಿಸಿದ್ದವು, ನನ್ನದೊಂದೇ ತೋರಿಸಿರಲಿಲ್ಲ. ಸಜ್ಜನ ಮನುಷ್ಯ, ನಿವೃತ್ತಿಗೆ ಹತ್ತಿರ ಬಂದವರು. ರಿಜಿಸ್ಟರನ್ನು ಬೆರಳಿನಿಂದ ತಟ್ಟುತ್ತ, "ಗುರುಪಾದ, ಇದು ಹೇಗಾಯಿತು?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತಳು. ತಲೆಯ ಮೇಲೆ ಸೆರಗು, ಕಾಲಲ್ಲಿ ಕೆಸರು. ಎರಡು ಬಸ್ಸು ಬದಲಿಸಿ ಬಂದ ಲಗಮವ್ವ.

"ಹವಾ ಸಾಹೇಬ್ರಂದ್ರ ನೀವಽ ಏನ್ರಿ?"

"ಹೌದವ್ವಾ."

"ಉಣ್ಣಿ ಕತ್ತರಸು, ಏನೂ ಆಗೂದಿಲ್ಲ ಅಂತ ನೀವು ಹೇಳಿದ್ರಂತ. ನಮ್ಮ ಅಣ್ಣ ಅಂತಾನ. ನನ್ನ ಕುರಿ ಕಿವಿ ಕೇಳಿದ್ರ ಹೊಳಿ ತೋರಸ್ತಾನ, ಯಾಕ ಕತ್ತರಿಸ್ದಿ ಅಂದ್ರ ನಿಮ್ಮನ್ನ ತೋರಸ್ತಾನ. ನೀವು ಹೇಳಿದ್ದು ಖರೆ ಏನ್ರಿ?"

ಇನ್‌ಸ್ಪೆಕ್ಟರ್ ನನ್ನ ಮುಖ ನೋಡುತ್ತಿದ್ದರು. ಹೌದು ಎಂದರೆ, ಯಾವ ಆಧಾರದ ಮೇಲೆ ಹೇಳಿದೆ, ಆಗ ನೀನು ಎಲ್ಲಿದ್ದೆ ಎಂಬಲ್ಲಿಗೆ ಹೋಗುತ್ತದೆ. ನೌಕರಿ ಹೋಗುತ್ತದೆ.

"ಇಲ್ಲವ್ವಾ," ಎಂದೆ. "ನಾನು ಹಂಗೇನೂ ಹೇಳಿಲ್ಲ. ಜನರಿಗೆ ಹವಾ ಹೇಳೂದು ನಮ್ಮ ಕೆಲಸ ಅಲ್ಲ."

ಅವಳು ಇನ್ನೊಮ್ಮೆ ಕೇಳಲಿಲ್ಲ. "ಅಷ್ಟಽ ಬೇಕಾಗಿತ್ರಿ," ಎಂದು ಹೊರಟು ಹೋದಳು.

ಇನ್‌ಸ್ಪೆಕ್ಟರ್ ವರದಿಯಲ್ಲಿ "ಉಪಕರಣ ದೋಷ" ಎಂದು ಬರೆದರು. ನನ್ನನ್ನು ಉಳಿಸಿದಂತಾಯಿತು ಎಂದು ಅವರಿಗೆ ಅನ್ನಿಸಿರಬೇಕು. ನಾನೇ ಆ ಬಾರೋಮೀಟರನ್ನು ಗೋಡೆಯಿಂದ ಇಳಿಸಿ, ಹತ್ತಿ ಸುತ್ತಿ, ಪೆಟ್ಟಿಗೆಗೆ ಹಾಕಿ ಕಳಿಸಿದೆ. ಅದರಲ್ಲಿ ಕೂದಲೆಳೆಯಷ್ಟೂ ದೋಷವಿರಲಿಲ್ಲ.

ಒಂದು ದಿನ ಬೀರಪ್ಪ ಬೇಲಿಯ ಹೊರಗೆ ಬಂದು ನಿಂತ. "ಇಲ್ಲಂತ ಯಾಕಂದ್ರಿ ಸಾಹೇಬ್ರ?" ಎಂದು ಕೇಳಿದ. "ನಾ ಏನ ಅಂದ್ನೋ, ನೆನಪಿಲ್ಲೋ," ಎಂದೆ. ಅವನು ಹಿಡಿದಿದ್ದ ಬೇಲಿಯ ತಂತಿಯನ್ನು ಬಿಟ್ಟು ಹೋದ. ಆಮೇಲೆ ಅವನ ಹಿಂಡು ನಮ್ಮ ಬೇಲಿಯ ಪಕ್ಕ ಹಾಯಲಿಲ್ಲ, ಊರನ್ನು ಸುತ್ತಿಕೊಂಡು ಹೋಗುತ್ತಿತ್ತು. ಅಣ್ಣ ಬಳುವಳಿ ಕುರಿ ಮಾರಿಕೊಂಡು ಮಳೆಯ ಹೆಸರು ಹೇಳಿದ ಎಂದು ಲಗಮವ್ವ ತವರಿಗೆ ಬರುವುದನ್ನು ಬಿಟ್ಟಳು. ನಾಗರ ಪಂಚಮಿಗೆ ಅಣ್ಣ ಕರೆಯಲು ಹೋದರೆ ಮುಖದ ಮುಂದೆ ಬಾಗಿಲು ಮುಚ್ಚಿದಳಂತೆ. ಇದನ್ನೆಲ್ಲ ಪೋಸ್ಟ್ ಮಾಸ್ತರರು ಹೇಳಿದರು. ಅವರು ಹಡಗಿನ ಚೇಷ್ಟೆ ಮಾಡುವುದನ್ನು ಬಿಟ್ಟಿದ್ದರು. ಮುಂಗಡ ಫಾರ್ಮು ಕೈಗೆ ತೆಗೆದುಕೊಂಡವರು ಅವರೇ. ಅವರಿಗೆ ಎಲ್ಲ ಗೊತ್ತಿತ್ತು.

ಇನ್ನೊಂದು ಮಾತು ಇದೆ. ಆ ಬಿರುಗಾಳಿ ಕರಾವಳಿಗೆ ಬಂದಾಗ ದೋಣಿಗಳು ಎಷ್ಟು ದೂರದಲ್ಲಿದ್ದವು, ತಾಂಡೇಲನ ಬುಟ್ಟಿ ಸಮಯಕ್ಕೆ ಏರಿತೋ ಇಲ್ಲವೋ, ನನ್ನ ಒಂದೂವರೆ ಮಿಲಿಬಾರ್ ಯಾರ ನಕ್ಷೆಯನ್ನು ತಪ್ಪಿಸಿತು, ನಾನು ಯಾವತ್ತೂ ವಿಚಾರಿಸಲಿಲ್ಲ. ವಿಚಾರಿಸಲು ಧೈರ್ಯವಿರಲಿಲ್ಲ. ತಾಂಡೇಲ ಬರೆಸಿ ಕಳಿಸಿದ ಒಂದು ಕಾರ್ಡಿಗೂ ನಾನು ಉತ್ತರ ಕೊಡಲಿಲ್ಲ.

ಆ ದಿನದಿಂದ ನಿವೃತ್ತಿಯವರೆಗೆ ಒಂದೂ ಮಂಚದ ರೀಡಿಂಗ್ ಬರೆಯಲಿಲ್ಲ. ನನ್ನ ತಾಯಿಯ ತಿಥಿಯ ದಿನವೂ ಓದಿ ಬರೆದು ಹೋದೆ. ಇದನ್ನು ಹೆಗ್ಗಳಿಕೆ ಎಂದು ಹೇಳುತ್ತಿಲ್ಲ, ಕುರಿಗಳು ಬದುಕಿ ಬರಲಿಲ್ಲ. ನೌಕರಿಯ ಕೊನೆಯ ವರ್ಷಗಳಲ್ಲಿ ತಾನೇ ಓದಿ ತಾನೇ ಕಳಿಸುವ ಯಂತ್ರಗಳು ಬಂದವು. ಮೇಲಿನವರು ಮೆಚ್ಚಿ ಮಾತಾಡಿದರು. ಅವಕ್ಕೆ ಕುಸ್ತಿ ನೋಡುವ ಚಟವಿಲ್ಲ, ಅಷ್ಟು ಸಾಕು ಎಂದು ನಾನು ಸಭೆಯಲ್ಲೇ ಹೇಳಿದೆ. ಯಾರಿಗೂ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಅಂಥ ಅರ್ಧ ಮಾತುಗಳಲ್ಲೇ ವರ್ಷ ಕಳೆದೆ.

ಹೊಸಬರಿಗೆ ಹೇಳುವುದು ಇಷ್ಟು. ಯಂತ್ರ ಇರಲಿ, ಮನುಷ್ಯ ಇರಲಿ, ನಿಮ್ಮ ಓದು ವಿಚಿತ್ರವಾಗಿದ್ದರೆ ವಿಚಿತ್ರವಾಗಿಯೇ ಬರೆಯಿರಿ. ಮೇಲಿನವರು ನಕ್ಕರೆ ನಗಲಿ, ಮೆಮೋ ಕೊಟ್ಟರೆ ತೆಗೆದುಕೊಳ್ಳಿ. ಸಮುದ್ರ ನೂರು ಮೈಲಿ ಆಚೆ ಇದೆ, ಇಲ್ಲಿ ಯಾರಿಗೆ ತಿಳಿಯುತ್ತದೆ ಎಂದುಕೊಳ್ಳಬೇಡಿ. ಮತ್ತು ನಿಮ್ಮ ಬೇಲಿಗೆ ಬಂದು ಯಾರಾದರೂ ಹವಾ ಕೇಳಿದರೆ, ಹೇಳಿದ ಮೇಲೆ ಹೇಳಿದೆ ಎನ್ನಿ.

ಹೋದ ವರ್ಷ ದಿಗ್ಗೇವಾಡಿಗೆ ಹೋದೆ. ಬೀರಪ್ಪನಿಗೆ ಈಗ ಬಾಗಿದ ಬೆನ್ನು. ಕುರಿಯನ್ನು ಮಕ್ಕಳು ಕಾಯುತ್ತಾರೆ. ಅವನು ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಮೂರೂವರೆ, ಒಂದೂವರೆ, ಕುಸ್ತಿ, ಇನ್‌ಸ್ಪೆಕ್ಟರ್. ಹಗ್ಗ ಹೊಸೆಯುವ ಕೈ ನಿಲ್ಲಲಿಲ್ಲ.

"ಇದನ್ನ ನನಗ್ಯಾಕ ಹೇಳ್ತೀರಿ?" ಎಂದ. "ನೀವು ಹೇಳಿದ್ರಿ ಅನ್ನೂದು ನನಗ ಗೊತ್ತಿದ್ದದ್ದಽ ಐತಿ. ಗೊತ್ತಿಲ್ಲದಾಕಿ ಅಕ್ಕೋಳದಾಗ ಅದಾಳ. ಬರ್ತೀರೇನು?"

"ಬರ್ತೀನಿ."

"ಅಲ್ಲಿ ಹೋಗಿ ನೆನಪಿಲ್ಲಂದ್ರ?"

"ಅನ್ನೂದಿಲ್ಲ."

"ನೋಡೂಣಂತ." ಹಗ್ಗವನ್ನು ಸುತ್ತಿ ಇಟ್ಟು ಟೊಪ್ಪಿಗೆ ಹಾಕಿಕೊಂಡ.

ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ನಿಪ್ಪಾಣಿಗೆ, ಅಲ್ಲಿಂದ ಅಕ್ಕೋಳಕ್ಕೆ. ಬೀರಪ್ಪ ತನ್ನ ಟಿಕೆಟ್ಟನ್ನು ತಾನೇ ತೆಗೆಸಿದ. ಲಗಮವ್ವ ಬಾಗಿಲಲ್ಲಿ ಅಣ್ಣನನ್ನು ನೋಡಿದಳು, ಒಳಗೆ ಕರೆಯಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ಅವಳ ಸೊಸೆ ಒಳಗೆ ಪಡಸಾಲೆಯಲ್ಲಿ ಇಬ್ಬರಿಗೂ ಚಾಪೆ ಹಾಸಿದಳು. ಬೀರಪ್ಪ ಕೂತ, ನಾನು ಕೂಡಲಿಲ್ಲ.

"ತಂಗೀ, ನಾನು ಆ ಹವಾ ಆಫೀಸಿನವ," ಎಂದೆ. "ಕತ್ತರಸು ಅಂತ ಹೇಳಿದಾವ ನಾನು. ಬಿರುಗಾಳಿ ಬರೂದು ನನಗ ಗೊತ್ತಿತ್ತು. ನೀ ಬಂದ ಕೇಳಿದ ದಿನ ಇಲ್ಲಂದದ್ದು ಸುಳ್ಳು. ನಿಮ್ಮ ಅಣ್ಣ ನಿನ್ನ ಕುರಿ ಮಾರಿಲ್ಲ. ಹಳ್ಳ ಒಯ್ತು. ಮರುದಿನ ಉಳಿದ ಕುರಿ ನಾ ಕಣ್ಣಾರೆ ನೋಡೀನಿ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಗೊತ್ತಿದ್ದ ಹೇಳಿದ್ರಿ?"

"ಹೌದು."

"ಯಾಕ್ರಿ?"

"ಕುಸ್ತಿ ನೋಡಾಕ ಹೋಗೂದಿತ್ತು."

"ಯಾರ ಗೆದ್ರು?"

"ಯಾರೂ ಗೆಲ್ಲಲಿಲ್ಲ. ಬರಾಬರಿ ಬಿಡಿಸಿದ್ರು."

"ಅಷ್ಟಕ್ಕ," ಎಂದಳು. ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. ನನ್ನ ಕಡೆ ಮತ್ತೆ ನೋಡಲಿಲ್ಲ. ಅಣ್ಣನ ಕಡೆ ತಿರುಗಿ ನಿಂತಳು. ಅವನು ನೆಲ ನೋಡುತ್ತಿದ್ದ. "ಮುದುಕ ಆಗೀಯಲ್ಲೋ ಬೀರಣ್ಣಾ," ಎಂದಳು. "ಮುಂಜಾನೆ ಏನರ ತಿಂದೀಯೋ ಇಲ್ಲೋ? ಕೈಕಾಲ ತೊಳಕೋ ನಡಿ."

ಬೀರಪ್ಪ ಎದ್ದು ಬಚ್ಚಲಿಗೆ ಹೋದ. ಸೊಸೆ ಎರಡು ತಾಟು ತಂದಳು. ಲಗಮವ್ವ ಒಂದನ್ನು ತೆಗೆದು ಅವಳ ಕೈಗೇ ವಾಪಸು ಕೊಟ್ಟಳು, ಇನ್ನೊಂದನ್ನು ಸೆರಗಿನಿಂದ ಒರೆಸಿ ಚಾಪೆಯ ಮುಂದೆ ಇಟ್ಟಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಒಳಗೆ ಅವಳು ಅಣ್ಣನಿಗೆ ರೊಟ್ಟಿ ಹಾಕುತ್ತ ಬೈಯುತ್ತಿದ್ದಳು, ಇಷ್ಟ ವರ್ಷ ಮತ್ತೊಮ್ಮೆ ಬಂದು ಬಾಗಿಲ ಬಡಿಯಾಕ ನಿನಗೇನಾಗಿತ್ತು ಎಂದು.